ಒಂದೇ ಬಾಗಿಲು ಸಾಲದು



ಇಂದು ಅನೇಕ ಹೋಟೆಲುಗಳ ಮೇಜಿನ ಮೇಲೆ ತಿಂಡಿಗಳ ಪಟ್ಟಿ ಕಾಣುವುದಿಲ್ಲ. ಕಪ್ಪು ಬಿಳುಪಿನ ಚೌಕವೊಂದು ಅಂಟಿರುತ್ತದೆ. ತರಕಾರಿ ಗಾಡಿಯ ತಕ್ಕಡಿಯ ಪಕ್ಕದಲ್ಲಿಯೂ, ರೈಲು ನಿಲ್ದಾಣದ ಗೋಡೆಯ ಮೇಲೆಯೂ ಅದೇ ಕ್ಯೂಆರ್ ಕೋಡ್. ಸ್ಮಾರ್ಟ್‌ಫೋನನ್ನು ಅದರ ಮುಂದೆ ಹಿಡಿದರೆ ಸಾಕು, ಕೆಲಸ ಮುಗಿಯಿತು. ಇದರಿಂದಾದ ಅನುಕೂಲವನ್ನು ಅಲ್ಲಗಳೆಯುವುದು ತರವಲ್ಲ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಚಿಲ್ಲರೆಯ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದೆ. ಆದರೆ ಆ ಫೋನು ಕೈಯಲ್ಲಿಲ್ಲದವರು ಯಾವ ಬಾಗಿಲಿನಿಂದ ಒಳಗೆ ಬರಬೇಕು?

ಗಣಕಗಳು ನಮ್ಮ ಸುತ್ತಲೂ ಹರಡಿರಬೇಕೆಂಬ ಕಲ್ಪನೆ ಹೊಸದಲ್ಲ. ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಅಕ್ಷರಗಳು ಪುಸ್ತಕದಲ್ಲಿ, ಬೀದಿಯ ಫಲಕದಲ್ಲಿ, ಮಿಠಾಯಿಯ ಹೊದಿಕೆಯಲ್ಲಿ ಹೇಗೆ ಸದ್ದಿಲ್ಲದೆ ಬೆರೆತಿವೆಯೋ ಹಾಗೆಯೇ ಗಣಕಗಳೂ ಬದುಕಿನಲ್ಲಿ ಬೆರೆಯಬೇಕೆಂಬುದು ಅವರ ಆಶಯ. ಅವರು ಕಲ್ಪಿಸಿದ 'ಪ್ಯಾಡ್'ಗಳು ಮೇಜಿನ ಮೇಲಿನ ಬಿಡಿ ಹಾಳೆಗಳಂತೆ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಅಲ್ಲಿಗೆ ಬಂದ ಯಾರೇ ಆದರೂ ಅವನ್ನು ಎತ್ತಿಕೊಂಡು ಬಳಸಬಹುದಾಗಿತ್ತು. ಅಂದರೆ ಉಪಕರಣವು ಸ್ಥಳಕ್ಕೆ ಸೇರಿದ್ದು, ವ್ಯಕ್ತಿಗಲ್ಲ.

ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಉಪಕರಣ ಒದಗಿಸುವ ಹೊಣೆಯು ಸೇವೆ ನೀಡುವವರ ಹೆಗಲಿನಿಂದ ಇಳಿದು, ಸೇವೆ ಬೇಡುವವರ ಮೇಲೆ ಬಿದ್ದಿದೆ. ಫೋನಿನ ಬೆಲೆ, ರೀಚಾರ್ಜ್, ಬ್ಯಾಟರಿ, ಪಾಸ್‌ವರ್ಡ್, ಓಟಿಪಿ, ಮಂಜಾದ ಕಣ್ಣಿಗೆ ಕಾಣದ ಸಣ್ಣ ಅಕ್ಷರ ಇವೆಲ್ಲವೂ ಈಗ ಪ್ರವೇಶಶುಲ್ಕಗಳೇ.

ಇದು ಬರಿಯ ಊಹೆಯಲ್ಲ. 2021ರ ಮೇ ತಿಂಗಳಿನಲ್ಲಿ 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆ ಆರಂಭವಾದಾಗ ಕೋವಿನ್ ಜಾಲತಾಣದಲ್ಲಿ ಮುಂಗಡ ನೋಂದಣಿ ಕಡ್ಡಾಯವಾಗಿತ್ತು. ಪ್ರಾಣರಕ್ಷಣೆಯ ಸರದಿಯಲ್ಲಿಯೂ ಅಂತರ್ಜಾಲ ಬಲ್ಲವನೇ ಮುಂದೆ! ಅದೇ ತಿಂಗಳ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ನೀಡಲಾಯಿತು. ಸರ್ವೋಚ್ಚ ನ್ಯಾಯಾಲಯವೂ ಈ ಡಿಜಿಟಲ್ ಕಂದರದ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ, ಆ್ಯಸಿಡ್ ದಾಳಿಗೆ ತುತ್ತಾದವರ ಮತ್ತು ದೃಷ್ಟಿಹೀನರ ಅರ್ಜಿಗಳ ವಿಚಾರಣೆಯಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿಯೇ ಅಡಗಿದೆ ಎಂದು ತೀರ್ಪಿತ್ತಿತು. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದವರು ಜೀವಂತವಿರುವುದನ್ನು ಯಂತ್ರಕ್ಕೆ ಸಾಬೀತುಪಡಿಸಲಾಗದೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು!

"ಮನೆಯಲ್ಲಿ ಮಕ್ಕಳಿಲ್ಲವೇ? ಅವರು ಮಾಡಿಕೊಡುತ್ತಾರೆ" ಎಂದು ಕೆಲವರು ವಾದಿಸುತ್ತಾರೆ. ಮಕ್ಕಳು ದುಬೈಯಲ್ಲಿದ್ದರೆ? ಆಗ ಹಿರಿಯರು ಫೋನನ್ನೂ ಗುಪ್ತಸಂಖ್ಯೆಯನ್ನೂ ಪರಿಚಯವಿಲ್ಲದವರ ಕೈಗೆ ಒಪ್ಪಿಸುತ್ತಾರೆ. ಇದು ತಿಜೋರಿಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತಲ್ಲವೇ? ಮಕ್ಕಳು ಜೊತೆಯಲ್ಲಿಯೇ ಇದ್ದರೂ, ಜೀವನವಿಡೀ ತನ್ನ ವ್ಯವಹಾರವನ್ನು ತಾನೇ ನೋಡಿಕೊಂಡ ತಾಯಿ ತನ್ನ ಪಿಂಚಣಿಯ ಮೊತ್ತವನ್ನು ತಿಳಿಯಲು ಮೊಮ್ಮಗನ ಬಿಡುವಿಗಾಗಿ ಕಾಯಬೇಕೇ?

ಬೇರೆ ದಾರಿಯಿಲ್ಲವೆಂಬ ಮಾತೂ ಸುಳ್ಳು. 2023ರ ಜೂನ್ 11ರಂದು ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಜಾರಿಗೆ ಬಂದಾಗ ಯಾವ ಮಹಿಳೆಗೂ ಸ್ಮಾರ್ಟ್‌ಫೋನು ಬೇಕಾಗಲಿಲ್ಲ. ಆಕೆ ಗುರುತಿನ ಚೀಟಿ ತೋರಿಸಿದಳು. ಕೆಎಸ್‌ಆರ್‌ಟಿಸಿ ನಿರ್ವಾಹಕರು ತಮ್ಮಲ್ಲಿದ್ದ ಯಂತ್ರದಿಂದ ಶೂನ್ಯ ದರದ ಟಿಕೆಟು ನೀಡಿದರು. ಯಂತ್ರ ಅಲ್ಲಿಯೂ ಇತ್ತು, ಆದರೆ ಅದನ್ನು ಹೊತ್ತವರು ಸೇವೆ ನೀಡುವವರು. ಸಾಮಾನ್ಯ ಫೋನಿನಿಂದಲೇ ಹಣ ಪಾವತಿಸುವ 'ಯುಪಿಐ 123ಪೇ' ಸೌಲಭ್ಯವೂ 2022ರಲ್ಲಿ ಬಂದಿದೆ. ಮನಸ್ಸಿದ್ದಲ್ಲಿ ಮಾರ್ಗವುಂಟು.

ಸ್ಮಾರ್ಟ್‌ಫೋನು ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ಹಲವು ಬಾಗಿಲುಗಳಲ್ಲಿ ಒಂದಾಗಿರಲಿ, ಏಕೈಕ ಬಾಗಿಲಾಗದಿರಲಿ. "ಆ್ಯಪ್‌ನಲ್ಲಿ ಮಾತ್ರ" ಎಂಬ ಫಲಕ ಕಂಡಲ್ಲಿ, ನಿಮ್ಮ ಕೈಯಲ್ಲಿ ಫೋನಿದ್ದರೂ ಸರಿಯೇ, "ಫೋನಿಲ್ಲದವರಿಗೆ ಏನು ಏರ್ಪಾಡು?" ಎಂದು ಕೇಳಿರಿ. ನಿಮ್ಮ ಅಂಗಡಿಯಲ್ಲಿ ನಗದನ್ನು ನಿರಾಕರಿಸಬೇಡಿರಿ. ನಿಮ್ಮ ಸಂಘದ ಕಾರ್ಯಕ್ರಮಕ್ಕೆ ಹೆಸರು ನೋಂದಾಯಿಸುವಾಗ ಕಾಗದದ ಅರ್ಜಿಯೊಂದನ್ನೂ ಇರಿಸಿರಿ. ಫೋನಿಲ್ಲದವರ ಪರವಾಗಿ ಫೋನುಳ್ಳವರು ಕೇಳದಿದ್ದರೆ, ಆ ಪ್ರಶ್ನೆಯನ್ನು ಬೇರಾರು ಕೇಳಿಯಾರು?