ಖಾಲಿ ಬಿಟ್ಟ ಇಪ್ಪತ್ತು ಪ್ರಶ್ನೆಗಳು

ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಬಹು ಆಯ್ಕೆಯ ಪ್ರಶ್ನೆಗಳ ವಿಷಯದಲ್ಲಿ ನನ್ನದೊಂದು ಕಟ್ಟಪ್ಪಣೆಯಿತ್ತು: “ತಿಳಿದಿದ್ದರೆ ಬರೆಯಿರಿ, ತಿಳಿಯದಿದ್ದರೆ ಖಾಲಿ ಬಿಡಿ. ಊಹಿಸಿ ಪಡೆದ ಅಂಕ ಪಕ್ಕದ ತೋಟದಿಂದ ಕದ್ದ ಅಡಿಕೆಯಂತೆ.” ಸಿದ್ದಾಪುರ, ಯಲ್ಲಾಪುರಗಳ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಮಾತು ನೆನಪಿದ್ದೀತು. ಅದರ ಅರ್ಧವನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ.

ಕೆಲಕಾಲದ ಹಿಂದೆ ಶಿರಸಿಯ ನಮ್ಮ ಮನೆಗೆ ಸಿದ್ದಾಪುರದ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಇಲ್ಲಿ ಸರ್ಕಾರಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಶುಲ್ಕ ಕೈಗೆಟುಕದೆ, ಅವಳ ತಂದೆ ತೋಟದ ಮೇಲೆ ಸಾಲ ತೆಗೆದು ಕಿರ್ಗಿಸ್ತಾನಕ್ಕೆ ಓದಲು ಕಳುಹಿಸಿದ್ದರು. ಹಾಗೆ ಹೊರದೇಶದಲ್ಲಿ ವೈದ್ಯ ಪದವಿ ಪಡೆದವರು ಇಲ್ಲಿ ವೃತ್ತಿ ಆರಂಭಿಸಬೇಕಾದರೆ ‘ಎಫ್‌ಎಂಜಿಇ’ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2002ರಿಂದ ನಡೆದು ಬಂದಿರುವ ಈ ಪರೀಕ್ಷೆಯಲ್ಲಿ 300 ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು. 150 ಅಂಕ ಬಂದರೆ ಉತ್ತೀರ್ಣ.

“ಸರ್, 146 ಬಂತು” ಎಂದಳು.

“ಎಷ್ಟು ಪ್ರಶ್ನೆ ಬಿಟ್ಟಿದ್ದೆ ತಂಗಿ?”

“ಇಪ್ಪತ್ತು. ಗೊತ್ತಿಲ್ಲದಿದ್ದರೆ ಬಿಡಿ ಅಂತ ನೀವೇ ಹೇಳಿದ್ದಲ್ಲವಾ ಸರ್?”

ಅವಳು ನಗುತ್ತಲೇ ಹೇಳಿದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಲ್ಲಿ ಖಾಲಿ ಬಿಡುವುದಕ್ಕೆ ಒಂದು ಅರ್ಥವಿದೆ. ಎಫ್‌ಎಂಜಿಇಯಲ್ಲಿ ತಪ್ಪಿಗೆ ಕಡಿತವೇ ಇಲ್ಲ. ಕಣ್ಣುಮುಚ್ಚಿ ಗುರುತು ಹಾಕಿದರೂ ಇಪ್ಪತ್ತರಲ್ಲಿ ಸರಾಸರಿ ಐದು ಸರಿಯಾಗುತ್ತವೆ. ಅವಳಿಗೆ ಬೇಕಾಗಿದ್ದುದು ನಾಲ್ಕೇ. ಆದ್ದರಿಂದ ಮೊದಲ ಪಾಠವಿದು: ಪರೀಕ್ಷೆಯ ನಿಯಮವನ್ನು ಓದಿಕೊಂಡು ಹೋಗಬೇಕು, ಒಂದು ಪರೀಕ್ಷೆಯ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತೊಯ್ಯಬಾರದು.

ಎರಡನೆಯದು, ಊಹೆಗೂ ವಿವೇಚನೆಗೂ ಇರುವ ಅಂತರ. ಉದಾಹರಣೆಗೆ ಹೀಗೊಂದು ಪ್ರಶ್ನೆಯಿದೆಯೆಂದು ಇಟ್ಟುಕೊಳ್ಳಿ. ಫೆಬ್ರುವರಿಯಲ್ಲಿ ಬೆಟ್ಟದಲ್ಲಿ ದರಕು ಗುಡಿಸಿ ಬಂದ ನಲವತ್ತರ ಹೆಂಗಸಿಗೆ ತೀವ್ರ ಜ್ವರ, ತಲೆನೋವು, ಒಸಡಿನಲ್ಲಿ ರಕ್ತ. ಆ ಕಾಡಿನಲ್ಲಿ ಮಂಗಗಳು ಸತ್ತಿವೆ. ರೋಗವನ್ನು ಹರಡಿದ್ದು ಸೊಳ್ಳೆಯೋ, ಹೇನೋ, ಚಿಗಟವೋ, ಉಣುಗೋ? ಪ್ರಶ್ನೆಗೊಂದೇ ನಿಮಿಷ. ಮೊದಲು ಕೊನೆಯ ಸಾಲನ್ನು ಓದಿದರೆ, ಕೇಳಿರುವುದು ರೋಗದ ಹೆಸರನ್ನಲ್ಲ, ಹರಡುವ ಜೀವಿಯನ್ನು ಎಂದು ತಿಳಿಯುತ್ತದೆ. ಹೇನು ಮನುಷ್ಯನಿಂದ ಮನುಷ್ಯನಿಗೆ ಹೋಗುವಂಥದ್ದು, ಅದನ್ನು ತೆಗೆಯಿರಿ. ಚಿಗಟಕ್ಕೆ ಇಲಿಯ ನಂಟು. ಇಲ್ಲಿ ಸತ್ತದ್ದು ಮಂಗ. ಉಳಿದದ್ದು ಸೊಳ್ಳೆ ಮತ್ತು ಉಣುಗು. ನೆಲದ ಒಣ ಎಲೆ, ಮಳೆಯಿಲ್ಲದ ಕಾಲ ಯಾವ ಕಡೆಗೆ ಕೈ ತೋರುತ್ತವೆ? ಸಿದ್ದಾಪುರಕ್ಕೆ ತಾಗಿದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇದು. ರೋಗದ ಹೆಸರು ಮರೆತವನೂ ಈ ದಾರಿಯಲ್ಲಿ ಉತ್ತರವನ್ನು ತಲುಪಬಲ್ಲ. ಇದು ಕದ್ದ ಅಡಿಕೆಯಲ್ಲ, ತಿಳಿದಷ್ಟನ್ನು ಪೂರ್ತಿ ಬಳಸುವ ವಿದ್ಯೆ.

ಇದಕ್ಕೆ ಬದಲಾಗಿ “ಉದ್ದನೆಯ ಉತ್ತರವೇ ಸರಿ”, “ಗೊತ್ತಿಲ್ಲದಿದ್ದರೆ ಮೂರನೆಯದನ್ನು ಒತ್ತು” ಎಂಬ ಸುಲಭೋಪಾಯಗಳನ್ನು ನೆಚ್ಚಬೇಡಿ. “ಮೊದಲು ಹಾಕಿದ ಉತ್ತರವನ್ನು ತಿದ್ದಬೇಡ” ಎಂದು ನಾನೂ ಹೇಳುತ್ತಿದ್ದೆ. ಅದೂ ತಪ್ಪು. ತಿದ್ದಿದ ಉತ್ತರಗಳಲ್ಲಿ ತಪ್ಪಿನಿಂದ ಸರಿಯಾದವೇ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ತಿದ್ದಲು ಕಾರಣವಿದ್ದರೆ ತಿದ್ದಿ. ಬರೀ ಅಂಜಿಕೆಯಿಂದ ಬೇಡ.

“ಊಹಿಸಿ ಪಾಸಾದ ವೈದ್ಯನ ಕೈಯಲ್ಲಿ ಔಷಧಿ ತೆಗೆದುಕೊಳ್ಳುತ್ತೀರಾ?” ಎಂದು ನನ್ನ ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ 300ಕ್ಕೆ 300ನ್ನೂ ಕುರುಡಾಗಿ ಒತ್ತಿದವನಿಗೆ ಸರಾಸರಿ ಬರುವುದು 75, ಬೇಕಾದುದರ ಅರ್ಧ. ಬರೀ ಅದೃಷ್ಟ ಯಾರನ್ನೂ ದಡ ಮುಟ್ಟಿಸದು. ಇನ್ನು ಒಂದೊಂದಾಗಿ ತಳ್ಳಿಹಾಕುತ್ತ ಹೋಗುವುದು ವೈದ್ಯನ ನಿತ್ಯದ ಕೆಲಸವೇ. ಜ್ವರ ಹೊತ್ತು ಬಂದವನೆದುರು ಡೆಂಗಿಯೋ, ಇಲಿಜ್ವರವೋ, ಮಂಗನ ಕಾಯಿಲೆಯೋ ಎಂದು ಅವನು ಮಾಡುವುದೂ ಅದನ್ನೇ.

ಆದರೆ ರೋಗಿ ನಾಲ್ಕು ಆಯ್ಕೆಗಳನ್ನು ಹಿಡಿದು ಬರುವುದಿಲ್ಲ. ಅಲ್ಲಿ ತಪ್ಪಿಗೆ ಕಡಿತವೂ ಉಂಟು. ಅದನ್ನು ತೆರುವವನು ರೋಗಿ. ಅಲ್ಲಿ “ನನಗೆ ತಿಳಿಯದು, ರಕ್ತಪರೀಕ್ಷೆ ಮಾಡಿಸೋಣ, ದೊಡ್ಡ ಆಸ್ಪತ್ರೆಗೆ ಹೋಗಿ” ಎನ್ನುವ ಧೈರ್ಯ ಬೇಕು. ನನ್ನ ಹಳೆಯ ಮಾತಿನ ಉಳಿದರ್ಧ ಅಲ್ಲಿಗೆ ಸಲ್ಲುತ್ತದೆ, ಅದನ್ನು ಹಿಂತೆಗೆದುಕೊಳ್ಳಲಾರೆ.

ಮುಂದಿನ ಪರೀಕ್ಷೆಯಲ್ಲಿ ಅವಳು ಒಂದು ಪ್ರಶ್ನೆಯನ್ನೂ ಖಾಲಿ ಬಿಡಲಿಲ್ಲ, ತೇರ್ಗಡೆಯಾದಳು. ಸಂತೋಷವೇ. ಆದರೂ ನಡುವಿನ ಆರು ತಿಂಗಳ ಸಾಲದ ಬಡ್ಡಿಯಲ್ಲಿ ಒಂದು ಪಾಲು ಈ ಮಾಸ್ತರನ ಲೆಕ್ಕಕ್ಕೆ ಸೇರಬೇಕಾದದ್ದು. ನನ್ನ ಮಾತನ್ನು ನಂಬಿ ಇಂದಿಗೂ ಖಾಲಿ ಬಿಡುತ್ತಿರುವವರು ಬೇರೆ ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಅವರಿಗೆ ತಲುಪಿಸಿ.