ಮುಟ್ಟಾಳೆ ತೆಗೆಯಬೇಕೆ?

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಗೊಮ್ಮಟನ ಪ್ರತಿಷ್ಠೆಯಾದದ್ದು 1604ರಲ್ಲಿ. ಅಂಥ ಏಕಶಿಲಾಮೂರ್ತಿಯನ್ನು ಕಡೆಯುವ ಶಿಲ್ಪಿಗೆ, ಉಳಿಯ ಪೆಟ್ಟು ಬಿದ್ದ ಮೇಲೆ ಮನಸ್ಸು ಬದಲಾಯಿಸುವ ಅವಕಾಶವಿಲ್ಲ. ಒಡೆದ ಕಲ್ಲು ಮತ್ತೆ ಕೂಡುವುದಿಲ್ಲ. ಅನಿಮೇಷನ್ ಕಿರುಚಿತ್ರ ಮಾಡಹೊರಟ ವಿದ್ಯಾರ್ಥಿಗೆ ಆ ಅವಕಾಶವುಂಟು. ಆದರೆ ಅದಕ್ಕೂ ಒಂದು ಹೊತ್ತುಂಟು.

ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿಕೊಂಡರೂ, ಕೈಯಿಂದ ಬರೆಯುವ ನಾಲ್ಕು ನಿಮಿಷಗಳ ಕಥೆಗೆ 2,880 ಚಿತ್ರಗಳು ಬೇಕು. ಆದುದರಿಂದಲೇ ಮೊದಲು ಒರಟು ಗೆರೆಚಿತ್ರಗಳನ್ನು ಮಾತು, ಸಂಗೀತಗಳೊಡನೆ ಜೋಡಿಸಿ ಒಂದು ಕರಡನ್ನು ಸಿದ್ಧಪಡಿಸುತ್ತಾರೆ. ಅದಕ್ಕೆ ‘ಅನಿಮ್ಯಾಟಿಕ್’ ಎಂದು ಹೆಸರು. ಟೀಕೆಯನ್ನು ಕೇಳಬೇಕಾದ ಹೊತ್ತು ಅದೇ.

ಮೂಡುಬಿದಿರೆಯ ವಿದ್ಯಾರ್ಥಿನಿಯೊಬ್ಬಳು ಕಂಬಳದ ಕೋಣಗಳನ್ನು ಸಾಕುವ ಅಜ್ಜನ ಕಥೆಯನ್ನು ಆರಿಸಿಕೊಂಡು ಇಂಥ ಕರಡೊಂದನ್ನು ಮಾಡಿದಳೆಂದಿಟ್ಟುಕೊಳ್ಳಿ. ಅಜ್ಜನ ತಲೆಯ ಮೇಲೆ ಅಡಕೆ ಹಾಳೆಯ ಮುಟ್ಟಾಳೆ. ದೂರದ ಊರಿನಿಂದ ಬಂದ ಗುರುಗಳು ಅದನ್ನು ನೋಡಿ, “ಇದೇನೆಂದು ತಿಳಿಯುವುದಿಲ್ಲ, ತೆಗೆದುಬಿಡಮ್ಮ” ಎನ್ನುತ್ತಾರೆ. ಹುಡುಗಿಯ ಮುಖ ಬಾಡುತ್ತದೆ. ಆ ಮುಟ್ಟಾಳೆ ಅವಳ ಮಣ್ಣಿನ ಗುರುತು. ಅದನ್ನು ತೆಗೆದರೆ ಅಜ್ಜ ಯಾವ ಊರಿನವನೂ ಆಗಬಹುದು, ಅವಳ ಅಜ್ಜನಾಗಲಾರ.

ಆದರೆ ಗುರುಗಳ ಮಾತಿನಲ್ಲಿ ಎರಡು ಭಾಗಗಳಿವೆ. ‘ತಿಳಿಯುವುದಿಲ್ಲ’ ಎಂಬುದು ರೋಗದ ಸುದ್ದಿ. ‘ತೆಗೆದುಬಿಡು’ ಎಂಬುದು ಮದ್ದು. ಸುದ್ದಿಯನ್ನು ನಂಬಲೇಬೇಕು. ನೋಡಿದವರಿಗೆ ತಿಳಿಯಲಿಲ್ಲವೆಂದ ಮೇಲೆ ವಾದಿಸಿ ಫಲವಿಲ್ಲ. ಮುಂದೆ ಪ್ರತಿಯೊಬ್ಬ ಪ್ರೇಕ್ಷಕನ ಪಕ್ಕದಲ್ಲಿಯೂ ಕುಳಿತು ಅವಳು ಅರ್ಥ ಹೇಳಲು ಸಾಧ್ಯವೆ? ಮದ್ದನ್ನು ಮಾತ್ರ ತಾನೇ ಹುಡುಕಬಹುದು. ತೋಟದಲ್ಲಿ ಬಿದ್ದ ಹಾಳೆಯನ್ನು ಅಜ್ಜ ಎತ್ತಿಕೊಂಡು, ಮಡಿಸಿ ಹೊಲಿದು, ತಲೆಗಿಟ್ಟುಕೊಳ್ಳುವುದನ್ನು ಮೊದಲ ಎಂಟು ಸೆಕೆಂಡುಗಳಲ್ಲಿ ತೋರಿಸಿದರೆ ಮುಟ್ಟಾಳೆಯೂ ಉಳಿಯಿತು, ಅಜ್ಜನ ಪರಿಚಯವೂ ಆಯಿತು. ಕರಡಿನಲ್ಲಿ ಇದು ನಾಲ್ಕಾರು ಗೆರೆಚಿತ್ರಗಳ ಕೆಲಸ. ಎಲ್ಲ ಮುಗಿದ ಮೇಲಾದರೆ ಸಂಗೀತವನ್ನೂ ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತದೆ.

ತಡವಾಗಿ ತಿಳಿದ ಕೊರತೆ ಎಷ್ಟು ದುಬಾರಿಯೆಂಬುದನ್ನು ಈ ಕಲೆಯ ಹಿರಿಯರೂ ಅನುಭವಿಸಿದ್ದಾರೆ. ಅಮೆರಿಕದ ವಾಲ್ಟ್ ಡಿಸ್ನಿಯವರ ‘ಪಿನೋಕಿಯೋ’ ತೆರೆಗೆ ಬಂದದ್ದು 1940ರಲ್ಲಿ. ಅದಕ್ಕೂ ಮೊದಲು, 1938ರಲ್ಲಿ, ಅದರ ಕೆಲಸ ನಡುವೆಯೇ ನಿಂತುಹೋಗಿತ್ತು. ಕಥಾನಾಯಕನಾದ ಮರದ ಬೊಂಬೆ ಮರದಂತೆಯೇ ಇತ್ತು. ಅದರ ಮೇಲೆ ಪ್ರೀತಿ ಹುಟ್ಟುತ್ತಿರಲಿಲ್ಲ. ಆಗ ಮಿಲ್ಟ್ ಕಾಲ್ ಎಂಬ ತರುಣ ಚಿತ್ರಗಾರರು, ಮೊದಲು ಹುಡುಗನನ್ನು ಬರೆದು ಆಮೇಲೆ ಬೊಂಬೆಯ ಕೀಲುಗಳನ್ನು ಸೇರಿಸಬೇಕೆಂದರು. ಬರಿಯ ಬಾಯಿಮಾತಿನಲ್ಲಿ ನಿಲ್ಲಿಸದೆ ಬರೆದೇ ತೋರಿಸಿದರು. ಡಿಸ್ನಿ ಒಪ್ಪಿದರು. ಹಿಂದಿನ ಬೊಂಬೆ ಬದಿಗೆ ಸರಿಯಿತು. ಹೊಸ ಬೊಂಬೆಗೆ ಜೀವ ಬಂದಿತು. ಅಲ್ಲಿಯೂ ಬೊಂಬೆಯನ್ನು ಯಾರೂ ಕೈಬಿಡಲಿಲ್ಲ. ಬರೆಯುವ ಬಗೆಯನ್ನು ಬದಲಿಸಿದರು, ಅಷ್ಟೆ.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿ, ಕನ್ನಡದ ಮಕ್ಕಳಿಗೆ ಕಥೆ, ಪದ್ಯಗಳನ್ನು ಕೊಟ್ಟ ಪಂಜೆ ಮಂಗೇಶರಾಯರು ವೃತ್ತಿಯಿಂದ ಅಧ್ಯಾಪಕರು. ಆದರೂ ತಮಗೆ ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಆ ಹೆಸರಿನಲ್ಲಿ ಕಲಿಯುವವರಿಗೆಲ್ಲ ಒಂದು ಬುದ್ಧಿಮಾತಿದೆ. ಶಿಷ್ಯನೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನಲ್ಲ, ಮುನಿಸಿಕೊಂಡು ಏಳುವವನೂ ಅಲ್ಲ. ಪೂರ್ತಿ ಕೇಳಿಸಿಕೊಂಡು, ಉತ್ತರವನ್ನು ತನ್ನ ಕೈಯಿಂದಲೇ ಬರೆಯುವವನು.