ಕರುಣೆ ಮೊದಲೇ ಸಿದ್ಧವಾಗಿರಬೇಕು

ವಿಜಯಪುರದ ಬಯಲು ಕರಡಿಯ ನೆಲೆಯಲ್ಲ. ತಿಕೋಟಾ, ಬಬಲೇಶ್ವರದ ತೋಟದ ವಸ್ತಿಗಳಲ್ಲಿ ರಾತ್ರಿ ಕಾವಲಿರುವ ರೈತನಿಗೆ ಕಾಡುಹಂದಿಯ ಕಾಟ ಗೊತ್ತು, ಕುರಿ ಕಾಯುವವನಿಗೆ ತೋಳ ಗೊತ್ತು. ಕರಡಿ ಮಾತ್ರ ದೂರದ ಸುದ್ದಿ. ಆದರೆ ವಿಜಯಪುರದಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹುನಗುಂದ, ಕುಷ್ಟಗಿ ದಾಟಿ ಹೊಸಪೇಟೆಯ ಕಡೆಗೆ ಸುಮಾರು 200 ಕಿ.ಮೀ. ಹೋದರೆ ನೆಲದ ಚಹರೆಯೇ ಬದಲಾಗುತ್ತದೆ. ಎರೆಭೂಮಿ ಮುಗಿದು ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಕೊಪ್ಪಳ, ವಿಜಯನಗರ, ಬಳ್ಳಾರಿ ಜಿಲ್ಲೆಗಳ ಆ ಗುಡ್ಡಗಳ ಗವಿಗಳಲ್ಲಿ ಕರಡಿಗಳು ವಾಸಿಸುತ್ತವೆ, ಗುಡ್ಡದ ಬುಡದ ಊರುಗಳಲ್ಲಿ ನಮ್ಮಂಥ ರೈತರೇ ಬದುಕುತ್ತಾರೆ. ಅಲ್ಲಿ ಕರಡಿ ಹೊಲಕ್ಕಿಳಿದು ಬೆಳೆ ತಿಂದಾಗ, ಎದುರಾದವನ ಮುಖ ಪರಚಿದಾಗ ಮನುಷ್ಯರು ಏನು ಮಾಡಬೇಕು? ಕೊಲ್ಲುವುದೂ ಬೇಡ, ಸುಮ್ಮನೆ ಸಹಿಸುವುದೂ ಬೇಡ ಎನ್ನುವವರಿಗೆ ಬೇರೆ ದಾರಿ ಇದೆಯೇ?

ಇದೆ. ಆದರೆ ಅದು ಕರಡಿ ಊರಿಗೆ ಬಂದ ದಿನ ಹುಡುಕುವ ದಾರಿಯಲ್ಲ. ಕರುಣೆಯನ್ನು ನಾವು ಘಟನೆಯ ನಂತರ ಹುಟ್ಟುವ ಮರುಕ ಎಂದುಕೊಂಡಿದ್ದೇವೆ. ಕರಡಿ ಮತ್ತು ಮನುಷ್ಯರ ಸಂಘರ್ಷದಲ್ಲಿ ಆ ಮರುಕದಿಂದ ಯಾರಿಗೂ ಉಪಯೋಗವಿಲ್ಲ. ಘಟನೆಗೆ ಮೊದಲೇ ಮಾಡಿಟ್ಟ ಕೆಲಸವೇ ಇಲ್ಲಿ ನಿಜವಾದ ಕರುಣೆ, ಮತ್ತು ಅದು ರೈತನನ್ನೂ ಕರಡಿಯನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ಕರಡಿಯ ಸ್ವಭಾವ ತಿಳಿಯಬೇಕು. ನಮ್ಮ ಕರಡಿ ಬೇಟೆಯಾಡಿ ಬದುಕುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಬಾರಿಹಣ್ಣು, ಕವಳಿಹಣ್ಣು, ಸೀತಾಫಲ ಅದರ ಊಟ. ಮೇಲ್ದವಡೆಯ ಮುಂದಿನ ಎರಡು ಹಲ್ಲು ಅದಕ್ಕಿಲ್ಲ; ಆ ಸಂದಿಯಿಂದಲೇ ಹುತ್ತದ ಗೆದ್ದಲನ್ನು ಹೀರುತ್ತದೆ. ಮೂಗು ಬಲು ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹುತ್ತ ಬಗೆಯುತ್ತ, ಸದ್ದು ಮಾಡುತ್ತ ಹೀರುವಾಗ ಮನುಷ್ಯರು ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದಿಲ್ಲ. ತಟ್ಟನೆ ಎದುರಾದರೆ ಓಡಿಹೋಗುವ ಬದಲು ಎದ್ದು ನಿಂತು ಮೇಲೆ ಬೀಳುತ್ತದೆ. ಹುಲಿಯಿರುವ ಕಾಡಿನಲ್ಲಿ ಲಕ್ಷಾಂತರ ವರ್ಷ ಬದುಕಿದ ಪ್ರಾಣಿಗೆ ಅದೇ ರಕ್ಷಣೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಆ ದಿನಗಳಲ್ಲಿ ಅದರ ಸಿಟ್ಟು ಇನ್ನೂ ಹೆಚ್ಚು. ಕರಡಿಯ ದಾಳಿಗಳಲ್ಲಿ ಹೆಚ್ಚಿನವು ಇಂಥ ಆಕಸ್ಮಿಕ ಭೇಟಿಗಳೇ. ಹಗೆತನದಿಂದಲೋ ಮನುಷ್ಯಮಾಂಸದ ಆಸೆಯಿಂದಲೋ ಆದದ್ದು ತೀರ ವಿರಳ.

ದಾಳಿ ಆಕಸ್ಮಿಕ ಎಂದಾದರೆ ಆಕಸ್ಮಿಕವನ್ನು ತಪ್ಪಿಸುವುದೇ ಪರಿಹಾರ. ಕರಡಿ ಸಂಜೆ ಗವಿ ಬಿಟ್ಟು ನಸುಕಿನಲ್ಲಿ ಮರಳುತ್ತದೆ. ಅದೇ ಹೊತ್ತಿಗೆ ಹಳ್ಳಿಯ ಹೆಂಗಸರು, ಮುದುಕರು ಚರಗಿ ಹಿಡಿದು ಬಯಲಿಗೆ ಹೋಗುತ್ತಾರೆ. ನೀರು ಹಾಯಿಸುವವರು ಕರೆಂಟು ಬಂದಾಗ ಒಬ್ಬರೇ ಹೊಲಕ್ಕೆ ನಡೆಯುತ್ತಾರೆ. ಆದ್ದರಿಂದ ಗುಡ್ಡದಂಚಿನ ಮನೆಗೊಂದು ನೀರಿರುವ ಶೌಚಾಲಯ, ಪಂಪ್‌ಸೆಟ್ಟಿಗೆ ಹಗಲು ಹೊತ್ತಿನ ವಿದ್ಯುತ್ತು, ಊರಂಚಿನ ದಾರಿಗೆ ದೀಪ ಇವು ಅಭಿವೃದ್ಧಿ ಕಾರ್ಯಗಳಷ್ಟೇ ಅಲ್ಲ, ಕರಡಿ ಸಂಘರ್ಷದ ಪರಿಹಾರಗಳೂ ಹೌದು. ಊರಿನ ಬದಿಗೆ ಒತ್ತಾಗಿ ಬೆಳೆದ ಬಳ್ಳಾರಿ ಜಾಲಿಯ ಪೊದೆ ತೆಗೆದರೆ ಹಗಲಿನಲ್ಲಿ ಕರಡಿ ಮಲಗುವ ಮರೆ ಇಲ್ಲವಾಗುತ್ತದೆ. ನಾಲ್ಕು ಜನ ಕೂಡಿ, ಗಟ್ಟಿಯಾಗಿ ಮಾತಾಡುತ್ತ, ಬ್ಯಾಟರಿ ಹಿಡಿದು ನಡೆದರೆ ಕರಡಿ ತಾನೇ ದೂರ ಸರಿಯುತ್ತದೆ. ಸಾಕುನಾಯಿಯನ್ನು ಅದರ ಮೇಲೆ ಛೂ ಬಿಡಬಾರದು. ನಾಯಿ ಹೆದರಿ ಒಡೆಯನ ಕಡೆಗೇ ಓಡಿ ಬರುತ್ತದೆ, ಹಿಂದೆಯೇ ಕರಡಿಯೂ ಬರುತ್ತದೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ ಮುಖ, ಕುತ್ತಿಗೆ ಮುಚ್ಚಿಕೊಳ್ಳಬೇಕು. ಇವನ್ನೆಲ್ಲ ಗುಡ್ಡದಂಚಿನ ಪ್ರತಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸಬೇಕು.

ಇನ್ನು ಬೆಳೆಯ ಪ್ರಶ್ನೆ. ಕರಡಿ ಹೊಲಕ್ಕೆ ಬರುವುದು ಗುಡ್ಡ ಬರಿದಾದುದರಿಂದ. ಕಲ್ಲುಗಣಿಯ ಸಿಡಿಮದ್ದು ಗವಿಗಳನ್ನು ಒಡೆಯುತ್ತದೆ, ಬೇಸಿಗೆಯ ಬೆಂಕಿ ಹಣ್ಣಿನ ಪೊದೆಗಳನ್ನು ಸುಡುತ್ತದೆ. ಗುಡ್ಡದಲ್ಲಿ ನೀರು ಬತ್ತುವ ಹೊತ್ತಿಗೆ ಕೆಳಗೆ ನೀರಾವರಿಯ ಕಲ್ಲಂಗಡಿ, ಮೆಕ್ಕೆಜೋಳ, ಬಾಳೆ ಘಮಘಮಿಸುತ್ತಿರುತ್ತವೆ. ಅಲ್ಲಿಗೆ ಕರಡಿ ಬಂದರೆ ಅದನ್ನು ಕಳ್ಳನೆನ್ನುವುದು ನ್ಯಾಯವಲ್ಲ. ಹಾಗೆಂದು ಸಾಲ ಮಾಡಿ ಬೆಳೆದ ರೈತ ನಷ್ಟವನ್ನು ನುಂಗಿಕೊಳ್ಳಲಿ ಎನ್ನುವುದೂ ನ್ಯಾಯವಲ್ಲ.

ಕರಡಿಯ ನೆಲೆ ಉಳಿಸುವ ದಿಕ್ಕಿನಲ್ಲಿ ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. ಕರಡಿಗಳಿಗಾಗಿಯೇ 1994ರಲ್ಲಿ ಘೋಷಣೆಯಾದ ದರೋಜಿ ಧಾಮ ಮುಂದೆ ವಿಸ್ತರಣೆಗೊಂಡು ಇಂದು 82 ಚದರ ಕಿ.ಮೀ.ಗೂ ಹೆಚ್ಚಿದೆ. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದು ಧಾಮವಾಯಿತು. ದರೋಜಿಯಲ್ಲಿ ಪ್ರವಾಸಿಗರ ಕಣ್ಣಿಗೆ ಕರಡಿ ಬೀಳಲೆಂದು ಬಂಡೆಗಳಿಗೆ ಬೆಲ್ಲದ ಪಾಕ ಸವರುವ ರೂಢಿಯಿದೆ. ಈ ರೂಢಿ ನಿಲ್ಲಬೇಕೆಂದು ನಾನು ಭಾವಿಸುತ್ತೇನೆ. ಕಾಡುಪ್ರಾಣಿಗೆ ಮನುಷ್ಯರು ಕೊಡುವ ಸಿಹಿ ಉಪಕಾರವಾಗಿ ಕಂಡರೂ ಕೊನೆಗೆ ಅಪಕಾರವೇ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ದಶಕಗಳ ಕಾಲ ಕರಡಿಗಳು ಹೋಟೆಲುಗಳ ತಿಪ್ಪೆಯಲ್ಲಿ, ಪ್ರವಾಸಿಗರ ಕೈಯಲ್ಲಿ ತಿಂದು ಬೆಳೆದವು. ವರ್ಷವರ್ಷವೂ ಹತ್ತಾರು ಜನ ಗಾಯಗೊಂಡರು. 1970ರ ಹೊತ್ತಿಗೆ ತಿಪ್ಪೆಗಳನ್ನು ಮುಚ್ಚಿದಾಗ ಹಸಿದ ಅನೇಕ ಕರಡಿಗಳು ಜನವಸತಿಗೆ ನುಗ್ಗಿ ಪ್ರಾಣ ತೆತ್ತವು. ಕ್ರಮೇಣ ಮಿಕ್ಕವು ಕಾಡಿನ ಆಹಾರಕ್ಕೆ ಮರಳಿದವು, ಗಾಯಗೊಳ್ಳುವವರ ಸಂಖ್ಯೆಯೂ ಇಳಿಯಿತು. ತಿನಿಸಿ ರೂಢಿ ಮಾಡಿಸಿದ ತಪ್ಪಿಗೆ ಬೆಲೆ ತೆತ್ತದ್ದು ಕರಡಿಗಳೇ. ಗುಡ್ಡದಲ್ಲಿ ಬಾರಿ, ಕವಳಿ, ಸೀತಾಫಲ ಬೆಳೆಸುವುದು, ಬೇಸಿಗೆಯಲ್ಲಿ ನೀರಿನ ಗುಂಡಿ ತುಂಬಿಸುವುದು, ಗವಿಯಿರುವ ಗುಡ್ಡಗಳಿಗೆ ಗಣಿ ಪರವಾನಗಿ ಕೊಡದಿರುವುದು ಕರಡಿಗೆ ನಾವು ಮಾಡಬಹುದಾದ ನಿಜವಾದ ಉಪಕಾರ.

ಹೊಲದ ಕಾವಲಿಗೆ ಸೋಲಾರ್ ಬೇಲಿ ಒಳ್ಳೆಯ ಸಾಧನ. ಅದರ ತಂತಿಯಲ್ಲಿ ವಿದ್ಯುತ್ತು ಸತತವಾಗಿ ಹರಿಯುವುದಿಲ್ಲ, ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿಯುತ್ತದೆ. ಮುಟ್ಟಿದ ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ಕಂಬದಿಂದ ನೇರವಾಗಿ ಕರೆಂಟು ಎಳೆದು ಕಟ್ಟಿದ ತಂತಿ ಕೊಲ್ಲುತ್ತದೆ. ಅದು ಅಪರಾಧ, ಮತ್ತು ಅದಕ್ಕೆ ಬಲಿಯಾಗುವವರಲ್ಲಿ ಕತ್ತಲಲ್ಲಿ ಬದು ದಾಟುವ ರೈತರೂ ಇರುತ್ತಾರೆ. ಹಂದಿಗೆಂದು ಒಡ್ಡುವ ಉರುಲಿನ ಕಥೆಯೂ ಇದೇ. ಬೈಕಿನ ಬ್ರೇಕ್ ತಂತಿಯ ಉರುಲಿನಲ್ಲಿ ಸಿಕ್ಕ ಕರಡಿ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ತಂತಿ ಮಾಂಸಕ್ಕಿಳಿಯುತ್ತದೆ. ನೋವಿನಿಂದ ಹುಚ್ಚೆದ್ದ ಅದರ ಬಳಿಗೆ ಹೋದವನಿಗೆ ಅಪಾಯ ತಪ್ಪಿದ್ದಲ್ಲ.

ಎರಡು ಮಾತು ಎಲ್ಲರ ಬಾಯಲ್ಲೂ ಇವೆ: ಹಿಡಿದು ದೂರ ಬಿಡಿ, ಇಲ್ಲವೇ ಕೊಂದುಬಿಡಿ. ಮೊದಲನೆಯದು ದಯೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಅಪರಿಚಿತ ಕಾಡಿಗೆ ಬಿಟ್ಟ ಕರಡಿಗೆ ಅಲ್ಲಿನ ನೀರು, ಗವಿ ಗೊತ್ತಿರುವುದಿಲ್ಲ. ಅಲ್ಲಿ ನೆಲೆ ನಿಂತ ಕರಡಿಗಳು ಅದನ್ನು ಸೇರಿಸದಿರಬಹುದು. ಅದು ಹಳೆಯ ಜಾಗಕ್ಕೆ ಮರಳಲು ಹೊರಡುತ್ತದೆ ಅಥವಾ ಇನ್ನೊಂದು ಊರಿನ ತೊಂದರೆಯಾಗುತ್ತದೆ. ಖಾಲಿಯಾದ ಗವಿಗೆ ಬೇರೆ ಕರಡಿ ಬರುತ್ತದೆ. ಎರಡನೆಯ ಮಾತಿಗೆ ಕಾನೂನಿನಲ್ಲೇ ಉತ್ತರವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕರಡಿಯಿದೆ. ಮನುಷ್ಯರ ಜೀವಕ್ಕೆ ಅಪಾಯವಾಗಿದೆ ಅಥವಾ ಗುಣವಾಗದ ಸ್ಥಿತಿಯಲ್ಲಿದೆ ಎಂದು ಮನವರಿಕೆಯಾದಾಗ ಮಾತ್ರ, ಹಿಡಿಯಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಕೊಲ್ಲಲು ಅನುಮತಿ ಕೊಡಬಹುದು. ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಮಾಡಿದ ಕೃತ್ಯ ಅಪರಾಧವಲ್ಲವೆಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಕಾನೂನು ಕರಡಿಯ ಪರ, ರೈತನ ವಿರುದ್ಧ ಎನ್ನುವ ದೂರು ಸರಿಯಲ್ಲ.

ನಿಜವಾದ ಕೊರತೆ ಇರುವುದು ಪ್ರಾಣಿ ಕಣ್ಣಿಗೆ ಬಿದ್ದ ಮೊದಲ ಒಂದು ಗಂಟೆಯ ನಿರ್ವಹಣೆಯಲ್ಲಿ. ಕರಡಿ ಊರಿಗೆ ಬಂತೆಂದರೆ ನೂರಾರು ಜನ ಮುತ್ತುತ್ತಾರೆ. ಕೇಕೆ, ಕಲ್ಲು, ಮೊಬೈಲ್ ವಿಡಿಯೊ. ಓಡಿಹೋಗಲು ದಾರಿಯಿಲ್ಲದ ಪ್ರಾಣಿ ಜನರ ಮೇಲೆಯೇ ನುಗ್ಗುತ್ತದೆ. ಅಲ್ಲಿ ಮೊದಲು ಬೇಕಾದದ್ದು ಬಂದೂಕಲ್ಲ, ಗುಂಪು ಚದುರಿಸುವ ಪೊಲೀಸರು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಪ್ರಕಾರ ನಿಷೇಧಾಜ್ಞೆ ಹಾಕುವ ಅಧಿಕಾರ ತಾಲ್ಲೂಕಿನ ದಂಡಾಧಿಕಾರಿಗಿದೆ. ಒಂದು ದಿಕ್ಕನ್ನು ತೆರವು ಮಾಡಿಕೊಟ್ಟು ಸಂಜೆಯವರೆಗೆ ಕಾದರೆ ಎಷ್ಟೋ ಸಲ ಕರಡಿ ತಾನಾಗಿಯೇ ಗುಡ್ಡ ಸೇರುತ್ತದೆ.

ಒಳ್ಳೆಯ ಉದ್ದೇಶ ಇದ್ದರಷ್ಟೇ ಸಾಲದು ಎಂಬುದಕ್ಕೆ ಕೇರಳದ ಒಂದು ಘಟನೆ ಸಾಕು. 2023ರ ಏಪ್ರಿಲ್‌ನಲ್ಲಿ ತಿರುವನಂತಪುರ ಜಿಲ್ಲೆಯ ವೆಳ್ಳನಾಡಿನಲ್ಲಿ ಕರಡಿಯೊಂದು ಮನೆಯ ಬಾವಿಗೆ ಬಿತ್ತು. ಉಳಿಸಲೆಂದೇ ಬಂದವರು ಅದಕ್ಕೆ ಅರಿವಳಿಕೆ ಚುಚ್ಚಿದರು. ಮಂಪರು ಹತ್ತಿದ ಕರಡಿ ನೀರಿನಲ್ಲಿ ಮುಳುಗಿ ಸತ್ತಿತು. ನೀರಿರುವ ಬಾವಿಗೆ ಮೊದಲು ಏಣಿಯನ್ನೋ ಮರದ ದಿಮ್ಮಿಯನ್ನೋ ಇಳಿಸಿ, ಜನರನ್ನು ಹಿಂದೆ ಸರಿಸುವುದು ಸುರಕ್ಷಿತ ಕ್ರಮ. ಕಟ್ಟೆಯಿಲ್ಲದ ತೆರೆದ ಬಾವಿಗಳಿಗೆ ಬರವಿಲ್ಲದ ನಮ್ಮ ಜಿಲ್ಲೆಗೂ ಈ ಪಾಠ ಬೇಕು. ಬಾವಿಗೆ ಬೀಳುವುದು ಕರಡಿಯೇ ಆಗಬೇಕಿಲ್ಲ. ತೋಳ, ಚಿರತೆ, ನಾಯಿ, ಮಗು ಯಾವುದೂ ಆಗಬಹುದು.

ಗಾಯಗೊಂಡ ಮನುಷ್ಯರ ಬಗ್ಗೆ ಪ್ರಾಣಿಪ್ರಿಯರು ಸಾಕಷ್ಟು ಮಾತಾಡುವುದಿಲ್ಲ. ಕರಡಿಯ ಉಗುರು ಹೆಚ್ಚಾಗಿ ಬೀಳುವುದು ಮುಖಕ್ಕೆ, ನೆತ್ತಿಗೆ. ಕಣ್ಣು ಹೋಗುತ್ತದೆ, ದವಡೆ ಒಡೆಯುತ್ತದೆ. ಬದುಕಿ ಉಳಿದವರಿಗೆ ಹಲವು ಶಸ್ತ್ರಚಿಕಿತ್ಸೆ ಬೇಕು, ರೇಬಿಸ್ ಲಸಿಕೆ ಬೇಕು, ಕೂಲಿ ತಪ್ಪಿದ ತಿಂಗಳುಗಳಿಗೆ ಅನ್ನ ಬೇಕು. ಮುಖ ವಿಕಾರವಾಯಿತೆಂದು ಮನೆಯಿಂದ ಹೊರಬರಲು ಹಿಂಜರಿಯುವವರಿಗೆ ಧೈರ್ಯ ಹೇಳುವವರೂ ಬೇಕು. ವನ್ಯಜೀವಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಕರ್ನಾಟಕ 2022ರ ಕೊನೆಗೆ 7.5 ಲಕ್ಷ ರೂಪಾಯಿಯಿಂದ 15 ಲಕ್ಷಕ್ಕೆ ಏರಿಸಿತು. ಅದು ಸರಿಯಾದ ಹೆಜ್ಜೆ. ಬೆಳೆನಷ್ಟದ ಹಣವೂ ಮುಂದಿನ ಬಿತ್ತನೆಯ ಮೊದಲು ಕೈಸೇರಬೇಕು. ಕಾಡನ್ನು ಉಳಿಸುವ ಲಾಭ ಇಡೀ ನಾಡಿಗೆ, ಅದರ ನಷ್ಟ ಮಾತ್ರ ಗುಡ್ಡದ ಬುಡದ ನಾಲ್ಕು ಮನೆಗಳಿಗೆ ಎನ್ನುವ ಏರ್ಪಾಡು ಅನ್ಯಾಯದ್ದು. ಅನ್ಯಾಯದ ಮೇಲೆ ನಿಂತ ಸಂರಕ್ಷಣೆ ಬಹುಕಾಲ ನಿಲ್ಲುವುದಿಲ್ಲ. ನೊಂದ ರೈತ ಒಂದು ದಿನ ಉರುಲನ್ನೇ ನಂಬುತ್ತಾನೆ.

ಮನುಷ್ಯರನ್ನೂ ಕರಡಿಯನ್ನೂ ಒಟ್ಟಿಗೆ ಕಾಪಾಡುವುದು ಬರಿಯ ಆದರ್ಶವಲ್ಲ, ನಮ್ಮ ರಾಜ್ಯದಲ್ಲೇ ಆಗಿರುವ ಕೆಲಸ. ಒಂದು ಕಾಲಕ್ಕೆ ಕಲಂದರ ಸಮುದಾಯದವರು ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಊರೂರಿಗೆ ತರುತ್ತಿದ್ದರು. ಭಯ ಹೋಗಲೆಂದು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲನ್ನು ತಾಯತಕ್ಕೆ ಕಟ್ಟುತ್ತಿದ್ದರು. 1972ರ ಕಾಯ್ದೆಯೊಂದರಿಂದಲೇ ಈ ಆಟ ನಿಲ್ಲಲಿಲ್ಲ, ಏಕೆಂದರೆ ಕರಡಿ ಕಸಿದುಕೊಂಡರೆ ಆ ಕುಟುಂಬಕ್ಕೆ ಅಂದಿನ ರೊಟ್ಟಿಯೂ ಇರಲಿಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅರಣ್ಯ ಇಲಾಖೆಗಳ ಜತೆಗೂಡಿ ಕರಡಿಗೆ ಆಶ್ರಯ ಕೊಟ್ಟಿತು, ಕಲಂದರರಿಗೆ ಬೇರೆ ದುಡಿಮೆಗೆ ನೆರವು, ಮಕ್ಕಳಿಗೆ ಶಾಲೆ ಒದಗಿಸಿತು. ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು 2009ರಲ್ಲಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ ಸೇರಿತು. ತಲೆಮಾರುಗಳ ರೂಢಿಯೊಂದು ಕೊನೆಗೊಂಡದ್ದು ಮನುಷ್ಯರ ಹಸಿವಿಗೂ ಉತ್ತರ ಸಿಕ್ಕಿದ್ದರಿಂದ.

ಇದೆಲ್ಲ ತಿಕೋಟಾ, ಬಬಲೇಶ್ವರದವರಿಗೆ ಏಕೆ? ನಮ್ಮ ನೆಲ ಬದಲಾಗುತ್ತಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರದ ಹೊಲಗಳಿಗೆ ಹರಿದಿದೆ. ದ್ರಾಕ್ಷಿ, ಕಬ್ಬು ಹಬ್ಬಿವೆ. ಮಮದಾಪುರದ ಸುತ್ತ ಕಾಡು ಬೆಳೆಸುವ ಕೆಲಸ ನಡೆದಿದೆ. ನೀರು ಬಂದಲ್ಲಿ ಹಸಿರು, ಹಸಿರು ಬಂದಲ್ಲಿ ಪ್ರಾಣಿ. ಅದು ಸಂತೋಷದ ವಿಷಯ, ಆದರೆ ತಯಾರಿ ಬೇಡುವ ವಿಷಯವೂ ಹೌದು. ಕರಡಿಯೊಂದಿಗೆ ಬದುಕುವವರ ಅನುಭವದಿಂದ ನಾವು ಈಗಲೇ ಕಲಿಯಬಹುದು. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಬಸವಣ್ಣ ಹುಟ್ಟಿದ ಜಿಲ್ಲೆ ಇದು. ಆ ದಯೆ ಭಾಷಣದಲ್ಲಿ ಉಳಿಯದೆ ಪಂಚಾಯತಿಯ ಠರಾವಿನಲ್ಲಿ ಕಾಣಬೇಕು.

ಆದ್ದರಿಂದ ನನ್ನ ವಿನಂತಿ ಸರಳ. ನಮ್ಮ ಗ್ರಾಮಸಭೆಗಳು ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸಲಿ. ನೇರ ಕರೆಂಟಿನ ಬೇಲಿಗೂ ಉರುಲಿಗೂ ಊರೇ ತಡೆ ಹಾಕಲಿ. ಪ್ರಾಣಿ ಕಂಡಾಗ ಯಾರು ಅರಣ್ಯ ಇಲಾಖೆಗೆ ತಿಳಿಸಬೇಕು, ಯಾರು ಜನರನ್ನು ತಡೆಯಬೇಕು ಎಂಬುದು ಮೊದಲೇ ಗೊತ್ತಾಗಿರಲಿ. ಜಿಲ್ಲೆಯಲ್ಲಿ ಅರಿವಳಿಕೆ ಬಲ್ಲ ಪಶುವೈದ್ಯರೊಬ್ಬರು ಸದಾ ಲಭ್ಯವಿರಲಿ. ಬೆಳೆ ಕಳೆದುಕೊಂಡವರ ಅರ್ಜಿ ಬರೆಯಲು ಓದಿದ ಹುಡುಗರು ಕೂಡಲಿ. ಪ್ರಾಣಿ ಬರುವ ಮೊದಲು ಇಷ್ಟನ್ನು ಮಾಡಿಟ್ಟ ಊರು ಅದನ್ನು ಕೊಲ್ಲಬೇಕಾದ ಸಂದರ್ಭ ಬಲು ಅಪರೂಪ.